ಉಮ್ಮನ ಪಾಲಿನ ಖರ್ಜೂರ

ನಮ್ಮ ಮಂಗಳೂರು ಕಡೆ ಪುಡ್ಡಿಂಗ್ ಎಂದರೆ ತಣ್ಣಗಿರಬೇಕು. ಹಾಲು, ಸಕ್ಕರೆ, ಚೈನಾಗ್ರಾಸ್ ಕುದಿಸಿ ತಟ್ಟೆಗೆ ಸುರಿದು, ಫ್ರಿಜ್‌ನಲ್ಲಿಟ್ಟು, ಗಟ್ಟಿಯಾದ ಮೇಲೆ ಚೌಕಾಕಾರವಾಗಿ ಕತ್ತರಿಸಿ ಬಡಿಸುವುದು. ಮದುವೆಯ ಬಿರಿಯಾನಿಯ ನಂತರ, ಹಬ್ಬದ ಮಧ್ಯಾಹ್ನ ನಾವು ತಿಂದು ಬೆಳೆದದ್ದು ಅದನ್ನೇ. ಇಂಗ್ಲೆಂಡಿನಲ್ಲಿ ಆ ಪದಕ್ಕೆ ಅಂತಹ ಕಟ್ಟುಪಾಡಿಲ್ಲ. ಊಟದ ಕೊನೆಗೆ ತಿನ್ನುವ ಯಾವ ಸಿಹಿಯನ್ನೂ ಅವರು ಪುಡ್ಡಿಂಗ್ ಎಂದೇ ಕರೆಯುತ್ತಾರೆ. ಅದರಲ್ಲೂ ಉತ್ತರ ಇಂಗ್ಲೆಂಡಿನವರಿಗೆ ಅಚ್ಚುಮೆಚ್ಚಿನದು ಸ್ಟಿಕ್ಕಿ ಟಾಫಿ ಪುಡ್ಡಿಂಗ್. ಮೆತ್ತನೆಯ ಕಂದು ಬಣ್ಣದ ಕೇಕು, ಅದರ ಮೇಲೆ ಬೆಣ್ಣೆ, ಕಂದು ಸಕ್ಕರೆ, ಕ್ರೀಮ್ ಸೇರಿಸಿ ಕುದಿಸಿದ ಬಿಸಿ ಪಾಕ. ಹೆಸರಿನಲ್ಲಿ ಟಾಫಿ ಇದ್ದರೂ ಅದರ ಜೀವ ಇರುವುದು ಖರ್ಜೂರದಲ್ಲಿ.

ಲ್ಯಾಂಕಶೈರಿನ ಪ್ರೆಸ್ಟನ್ ನಗರದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಈ ಪುಡ್ಡಿಂಗನ್ನು ಅಂಗಡಿಯ ಡಬ್ಬಿಗಳಲ್ಲಿ ನೋಡಿದ್ದೆ, ಮಕ್ಕಳ ಶಾಲೆಯ ಊಟದ ಪಟ್ಟಿಯಲ್ಲಿ ಓದಿದ್ದೆ. ನಮ್ಮ ಅಡುಗೆಮನೆಗೆ ಅದು ಬಂದದ್ದು ಉಮ್ಮನ ಕಾರಣದಿಂದ.

ಉಮ್ಮ ನಮ್ಮಲ್ಲಿಗೆ ಬಂದದ್ದು 2025ರ ಜನವರಿಯಲ್ಲಿ. ಅದರ ಹಿಂದಿನ ಜೂನ್‌ನಲ್ಲಿ ತಂದೆ ತೀರಿಕೊಂಡಿದ್ದರು. ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಮುಗಿದ ಮೇಲೆ, "ಸ್ವಲ್ಪ ಸಮಯ ನೀನು ಕರೆದುಕೊಂಡು ಹೋಗು. ಇಲ್ಲಿ ಅವರು ಆ ಕುರ್ಚಿಯನ್ನೇ ನೋಡುತ್ತಾ ಕೂತಿರುತ್ತಾರೆ" ಎಂದು ಅಣ್ಣ ಹೇಳಿದ. ಆರು ತಿಂಗಳ ವೀಸಾ ಮಾಡಿಸಿದೆವು. ಎಪ್ಪತ್ತೆಂಟು ವಯಸ್ಸು, ದುರ್ಬಲ ಹೃದಯ, ಎರಡು ಚೀಲ ಮಾತ್ರೆ, ಒಂದು ಚೀಲ ಕುಚ್ಚಲಕ್ಕಿ. ಹೀಗೆ ಬಂದಿಳಿದರು.

ಬಂದವರು ತಿನ್ನಲೊಲ್ಲರು. ಕಟ್ಟಿಸಿದ ಹಲ್ಲು ಒಸಡಿಗೆ ಒತ್ತುತ್ತದೆಂದು ತೆಗೆದು ಲೋಟದಲ್ಲಿಟ್ಟಿದ್ದರು. ಗಂಜಿ ಕೊಟ್ಟರೆ ಎರಡು ಚಮಚ, ಮೀನು ಬಿಡಿಸಿ ಕೊಟ್ಟರೆ ಒಂದು ತುತ್ತು. ಊರಲ್ಲಿ ಐವತ್ತೆರಡು ಕಿಲೋ ಇದ್ದವರು ಫೆಬ್ರವರಿಗೆ ನಲ್ವತ್ತಾರಕ್ಕೆ ಇಳಿದರು. ಇಲ್ಲಿಯ ಡಾಕ್ಟರಿಗೆ ತೋರಿಸಿದಾಗ, "ಸಕ್ಕರೆ ಕಾಯಿಲೆ ಇಲ್ಲವಲ್ಲ, ಈಗ ಪಥ್ಯದ ಮಾತು ಬೇಡ. ಇಷ್ಟವಾದದ್ದನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನಿಸಿ" ಎಂದರು. ಆದರೆ ಇಷ್ಟ ಯಾವುದೆಂದು ಉಮ್ಮ ಬಾಯಿ ಬಿಡಬೇಕಲ್ಲ?

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಇಂಗ್ಲಿಷ್ ಅಜ್ಜಿ ಇದ್ದಾರೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಹುಟ್ಟಿ ಬೆಳೆದದ್ದು ಇಲ್ಲಿಂದ ಉತ್ತರಕ್ಕೆ ಸರೋವರಗಳ ನಾಡಿನ ಹತ್ತಿರದ ಕೆಂಡಲ್ ಊರಿನಲ್ಲಿ. ನನ್ನ ತಾಯಿ ಬಂದಿದ್ದಾರೆ, ಊಟ ಸೇರುತ್ತಿಲ್ಲ ಎಂದು ಬೇಲಿಯ ಬಳಿ ನಿಂತು ಹೇಳಿದ್ದೆ. ಮರುದಿನ ಬೆಳ್ಳಿಕಾಗದ ಮುಚ್ಚಿದ ಒಂದು ಪಾತ್ರೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಪುಡ್ಡಿಂಗ್ ಎಂದೊಡನೆ ನನಗೆ ಮೊದಲು ಹೊಳೆದದ್ದು ಕ್ರಿಸ್‌ಮಸ್ ಪುಡ್ಡಿಂಗ್. ಅದರಲ್ಲಿ ಸಾಮಾನ್ಯವಾಗಿ ಬ್ರಾಂದಿ ಇರುತ್ತದೆ, ಪ್ರಾಣಿಯ ಕೊಬ್ಬೂ ಇರುತ್ತದೆ. ಕೇಳಲು ಸಂಕೋಚಪಡಲಿಲ್ಲ. ತಿನ್ನಲಾಗದ್ದನ್ನು ನಗುತ್ತಾ ಪಡೆದುಕೊಂಡು ಆಮೇಲೆ ಕಸಕ್ಕೆ ಹಾಕುವುದಕ್ಕಿಂತ ಬಾಗಿಲಲ್ಲೇ ಕೇಳುವುದು ಕೊಟ್ಟವರಿಗೂ ಮರ್ಯಾದೆ. ಅವರು ಬೆರಳು ಮಡಚುತ್ತಾ ಹೇಳಿದರು: ಹಿಟ್ಟು, ಮೊಟ್ಟೆ, ಬೆಣ್ಣೆ, ಸಕ್ಕರೆ, ಕ್ರೀಮ್, ಖರ್ಜೂರ. ಕೆಲವರು ಪಾಕಕ್ಕೆ ಬ್ರಾಂದಿ ಇಲ್ಲವೇ ರಮ್ ಹಾಕುತ್ತಾರಂತೆ, ಅವರ ತಾಯಿ ಎಂದೂ ಹಾಕಿದವರಲ್ಲವಂತೆ.

ಉಮ್ಮ ಒಂದು ಚಮಚ ಬಾಯಿಗಿಟ್ಟು ಸುಮ್ಮನೆ ಕುಳಿತರು. ನಾನು ಏನೂ ಹೇಳಿರಲಿಲ್ಲ.

"ಇದರಲ್ಲಿ ಖರ್ಜೂರ ಉಂಟಲ್ಲ?" ಎಂದರು.

ಉಂಟು ಎಂದೆ. ಚಿಕ್ಕ ಬಟ್ಟಲು ಪೂರ್ತಿ ಖಾಲಿಯಾಯಿತು. ಮಂಗಳೂರು ಬಿಟ್ಟ ಮೇಲೆ ಅವರು ಖಾಲಿ ಮಾಡಿದ ಮೊದಲ ಬಟ್ಟಲು ಅದು.

ಉಮ್ಮನ ನಾಲಗೆ ಖರ್ಜೂರವನ್ನು ಹಿಡಿದದ್ದು ಆಶ್ಚರ್ಯವೇನಲ್ಲ. ಅವರ ಬಾಲ್ಯದಲ್ಲಿ ಕೊಲ್ಲಿಯ ಕಡೆಯಿಂದ ಹಾಯಿಹಡಗುಗಳಲ್ಲಿ ಮಂಗಳೂರು ಬಂದರಿಗೆ ಖರ್ಜೂರ ಬರುತ್ತಿತ್ತು. ಓಲೆಯ ಬುಟ್ಟಿಗಳಲ್ಲಿ ಒತ್ತಿ ತುಂಬಿದ್ದ ಆ ಖರ್ಜೂರವನ್ನು ಅಂಗಡಿಯವನು ಕತ್ತಿಯಿಂದ ಕೆತ್ತಿ ತೂಗಿ ಕೊಡುತ್ತಿದ್ದನಂತೆ. ಇಂಗ್ಲೆಂಡಿನ ಚಳಿಯಲ್ಲಿ ಖರ್ಜೂರದ ಮರ ಹಣ್ಣು ಕೊಡುವುದುಂಟೇ? ಇಲ್ಲಿಗೂ ಅದು ಬಂದದ್ದು ಹಡಗಿನಲ್ಲೇ. ಇರಾಕಿನ ಬಸ್ರಾ ಒಂದು ಕಾಲದಲ್ಲಿ ಜಗತ್ತಿಗೇ ಖರ್ಜೂರ ಕಳುಹಿಸುತ್ತಿದ್ದ ಬಂದರು. ಒಣಗಿದ ಹಣ್ಣು ಚಳಿಗಾಲವಿಡೀ ಕೆಡದೆ ಉಳಿಯುತ್ತಿದ್ದುದರಿಂದ ಇಲ್ಲಿಯ ಹೆಂಗಸರು ಅದನ್ನು ಕೇಕಿಗೂ ಬ್ರೆಡ್ಡಿಗೂ ಹಾಕಲು ಕಲಿತರು.

ಈ ಪುಡ್ಡಿಂಗ್ ರಾಣಿ ವಿಕ್ಟೋರಿಯಾಳ ಕಾಲದ್ದೆಂದು ನಾನು ಭಾವಿಸಿದ್ದೆ. ಅಷ್ಟು ಹಳೆಯದೇನಲ್ಲ. ಅದನ್ನು ಪ್ರಸಿದ್ಧಿಗೆ ತಂದವರು ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ಶಾರೋ ಬೇ ಎಂಬ ಹೋಟೆಲ್ ನಡೆಸುತ್ತಿದ್ದ ಫ್ರಾನ್ಸಿಸ್ ಕೋಲ್ಸನ್. ಎರಡನೇ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಆ ಹೋಟೆಲ್ ಶುರುವಾಯಿತು. ಆಗ ಬ್ರಿಟನ್ನಿನಲ್ಲಿ ಸಕ್ಕರೆಗೂ ರೇಷನ್ ಇತ್ತು, ಅದು ತೆಗೆದದ್ದು 1953ರಲ್ಲಿ. ಕೋಲ್ಸನ್ 1998ರಲ್ಲಿ ತೀರಿಕೊಂಡರು. ಅವರಿಗೆ ಈ ಪಾಕ ಸಿಕ್ಕಿದ್ದು ನಮ್ಮ ಲ್ಯಾಂಕಶೈರಿನಲ್ಲೇ ಹೋಟೆಲ್ ನಡೆಸುತ್ತಿದ್ದ ಪೆಟ್ರೀಷಿಯಾ ಮಾರ್ಟಿನ್ ಎಂಬ ಮಹಿಳೆಯಿಂದಂತೆ. ಆಕೆಗೆ ಹೇಳಿಕೊಟ್ಟವರು ಯುದ್ಧಕಾಲದಲ್ಲಿ ಅಲ್ಲಿ ತಂಗಿದ್ದ ಕೆನಡಾದ ಇಬ್ಬರು ವಾಯುಸೇನಾಧಿಕಾರಿಗಳೆಂದು ಆಕೆಯ ಮಗನ ಮಾತು. ಸ್ಕಾಟ್ಲೆಂಡಿನ ಒಂದು ಹೋಟೆಲಿನವರು ಇದು ನಮ್ಮದೆನ್ನುತ್ತಾರೆ. ಸರೋವರದ ನಾಡಿನ ದಕ್ಷಿಣಕ್ಕಿರುವ ಕಾರ್ಟ್‌ಮೆಲ್ ಎಂಬ ಹಳ್ಳಿಯ ಅಂಗಡಿಯಂತೂ ಇದನ್ನು ಮಾರಿಯೇ ಹೆಸರು ಮಾಡಿದೆ. ಮೈಸೂರುಪಾಕ್ ಯಾರದು ಎಂದು ನಾವು ತಮಿಳುನಾಡಿನವರೊಂದಿಗೆ ಜಗಳವಾಡುವುದಿಲ್ಲವೇ, ಹಾಗೆಯೇ ಇದೂ. ಪಕ್ಕದ ಮನೆಯ ಅಜ್ಜಿಯ ಬಳಿ ಈ ಕಥೆ ಎತ್ತಿದರೆ, "ಯಾರಾದರೂ ಮಾಡಿರಲಿ, ಬಿಸಿ ಇರುವಾಗ ತಿನ್ನು" ಎನ್ನುತ್ತಾರೆ.

ಮಾರ್ಚ್ ಆರಂಭದಲ್ಲಿ ರಮಝಾನ್ ಬಂತು. ನನ್ನ ನಿಜವಾದ ಚಿಂತೆ ಶುರುವಾದದ್ದು ಆಗ.

ಉಪವಾಸ ಹಿಡಿಯಕೂಡದೆಂದು ಊರಿನ ಡಾಕ್ಟರು ಮೊದಲೇ ಖಡಾಖಂಡಿತವಾಗಿ ಹೇಳಿದ್ದರು. ದಿನಕ್ಕೆ ಮೂರು ಹೊತ್ತು ಮಾತ್ರೆ, ಅದರಲ್ಲೂ ನೀರಿನ ಮಾತ್ರೆ. ಹೊತ್ತು ತಪ್ಪಿದರೆ ಕಾಲು ಊದಿಕೊಳ್ಳುತ್ತದೆ, ಉಸಿರು ಕಟ್ಟುತ್ತದೆ. ಎಪ್ಪತ್ತು ವರ್ಷಗಳಷ್ಟು ಕಾಲ ರಮಝಾನಿನ ಉಪವಾಸ ಹಿಡಿದವರು, ಆಗಿನ ಬಾಣಂತನಗಳಲ್ಲಿ ತಪ್ಪಿದ್ದನ್ನೂ ಆಮೇಲೆ ಎಣಿಸಿ ತೀರಿಸಿದವರು. ಈಗ ಬೆಳಗ್ಗೆ ಎಂಟಕ್ಕೆ ಅವರಿಗೆ ಚಹಾ ಕೊಡಬೇಕು. ಮೊದಲ ದಿನ ಕೊಟ್ಟಾಗ ಲೋಟ ಹಿಡಿದುಕೊಂಡು ಮೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಧ್ಯಾಹ್ನದ ಗಂಜಿಯೂ ಅಲ್ಲೇ. ನನ್ನ ಹತ್ತು ವರ್ಷದ ಮಗಳು ಆ ವರ್ಷ ಹಠ ಹಿಡಿದು ಕೆಲವು ಉಪವಾಸ ಹಿಡಿದಿದ್ದಳು. "ಮಗು ಹಸಿದುಕೊಂಡಿರುವಾಗ ನಾನು ಅದರ ಕಣ್ಣೆದುರು ತಿನ್ನುವುದೇ?" ಎಂದರು. ಸಂಜೆ ಇಫ್ತಾರ್‌ಗೆ ಕರೆದರೆ ಬರಲಿಲ್ಲ. "ನೀವು ಬಿಡಿ. ಉಪವಾಸ ಇಲ್ಲದವಳಿಗೆ ಎಂಥ ಇಫ್ತಾರ್?"

ಕುರ್‌ಆನಿನ ಅಲ್ ಬಕರಃ ಅಧ್ಯಾಯ ಓದಿದವರಿಗೆಲ್ಲ ಗೊತ್ತಿರುವ ವಿಷಯ ಇದು. ರೋಗಿಗೂ ಪ್ರಯಾಣಿಕನಿಗೂ ಬೇರೆ ದಿನಗಳ ಅವಕಾಶವಿದೆ, ಶಕ್ತಿಯಿಲ್ಲದ ವೃದ್ಧರಿಗೆ ಬಡವನೊಬ್ಬನಿಗೆ ಉಣಿಸುವ ಫಿದ್ಯಾ ಇದೆ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸುವುದು ಅವನಿಗೆ ಪ್ರಿಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಇಷ್ಟೆಲ್ಲ ಇದ್ದರೂ ನಮ್ಮ ಮನೆಗಳಲ್ಲಿ ನಡೆಯುವುದೇನು? ಬಂದವರು ಮೊದಲು ಕೇಳುವುದೇ "ಉಪವಾಸ ಉಂಟಾ?" ಎಂದು. ಇಲ್ಲವೆಂದರೆ ಯಾಕೆಂದು ಕೇಳುತ್ತಾರೆ. ಮಾತ್ರೆಯ ಹೆಸರು ಹೇಳಿದರೆ, ನಮ್ಮ ಚಿಕ್ಕಮ್ಮ ಅದೇ ಮಾತ್ರೆ ನುಂಗಿಕೊಂಡು ಮೂವತ್ತೂ ಹಿಡಿದರು ಎನ್ನುತ್ತಾರೆ. ಆ ರಮಝಾನಿನಲ್ಲಿ ಊರಿಂದ ಫೋನ್ ಮಾಡಿದ ನಮ್ಮ ಸಂಬಂಧಿಕರೊಬ್ಬರು ಇದನ್ನೇ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಫೋನ್ ಇಟ್ಟ ಉಮ್ಮ ಅಂದು ಮಧ್ಯಾಹ್ನದ ಗಂಜಿಯನ್ನು ಮುಟ್ಟಲಿಲ್ಲ. ಅಲ್ಲಾಹನು ಕೊಟ್ಟ ವಿನಾಯಿತಿಯನ್ನು ಫೋನಿನಲ್ಲಿ ಕಿತ್ತುಕೊಳ್ಳುವ ಅಧಿಕಾರವನ್ನು ಇವರಿಗೆ ಯಾರು ಕೊಟ್ಟರು?

ಫಿದ್ಯಾದ ಲೆಕ್ಕ ಅಣ್ಣನದು. ದಿನಕ್ಕೊಂದು ಮುದ್ದ್‌ನಂತೆ ಅಕ್ಕಿಯನ್ನು ಊರಿನಲ್ಲೇ ಹಂಚಿದ್ದ. ಅದರ ಫೋಟೋ ಮೊಬೈಲಿಗೆ ಬಂತು. ಉಮ್ಮ ನೋಡಿ, "ಚೀಲ ಕಾಣುತ್ತದೆ. ತಿನ್ನುವವರ ಮುಖ ಕಾಣುವುದಿಲ್ಲ" ಎಂದು ಮೊಬೈಲ್ ಹಿಂದಕ್ಕೆ ಕೊಟ್ಟರು. ಊರಲ್ಲಿದ್ದಾಗ ನಮ್ಮ ಹಿತ್ತಲಿನ ಬಾಗಿಲಿಗೆ ಬರುವವರಿಗೆಲ್ಲ ಸ್ವತಃ ಬಡಿಸುತ್ತಿದ್ದ ಕೈ ಅದು. ಇಲ್ಲಿ ಆ ಕೈಗೆ ಕೆಲಸವೇ ಇರಲಿಲ್ಲ. ಉಪವಾಸವೂ ಇಲ್ಲ, ಅಡುಗೆಯೂ ಇಲ್ಲ, ತರಾವೀಹ್‌ಗೆ ನಿಲ್ಲಲು ಕಾಲಿನಲ್ಲಿ ಬಲವೂ ಇಲ್ಲ.

ನಾಲ್ಕನೆಯ ದಿನವೋ ಐದನೆಯ ದಿನವೋ, ಪಕ್ಕದ ಅಜ್ಜಿ ಬರೆದುಕೊಟ್ಟ ಚೀಟಿ ತೆಗೆದೆ. ಖರ್ಜೂರದ ಪೊಟ್ಟಣವನ್ನೂ ಒಂದು ತಟ್ಟೆಯನ್ನೂ ಉಮ್ಮನ ಮುಂದಿಟ್ಟೆ.

"ಉಮ್ಮಾ, ಇದರ ಬೀಜ ತೆಗೆದು ಕೊಡುತ್ತೀರಾ? ನನಗೆ ಹೊತ್ತಿಲ್ಲ."

ಒಂದೊಂದನ್ನೂ ಸೀಳಿ, ಬೆಳಕಿಗೆ ಹಿಡಿದು, ಹುಳ ಇಲ್ಲವೆಂದು ಖಾತ್ರಿ ಮಾಡಿಕೊಂಡು ತಟ್ಟೆಗೆ ಹಾಕಿದರು. ಇನ್ನೂರು ಗ್ರಾಂ ಖರ್ಜೂರಕ್ಕೆ ಮುಕ್ಕಾಲು ಗಂಟೆ. ನಾನು ಮಾಡಿದ್ದರೆ ಐದು ನಿಮಿಷ. ಅವಸರಪಡಿಸಲಿಲ್ಲ.

ಇದಕ್ಕೆ ಅಜ್ವಾ, ಮೆಡ್ಜೂಲ್ ಎಂದು ದುಬಾರಿ ಖರ್ಜೂರ ಬೇಕಿಲ್ಲ. ಅವು ಹಾಗೆಯೇ ತಿನ್ನಲಿಕ್ಕಿರುವುದು. ಪ್ರೆಸ್ಟನ್ನಿನಲ್ಲಿ ಭರೂಚ್, ಸೂರತ್ ಕಡೆಯಿಂದ ಬಂದು ಗಿರಣಿಗಳಲ್ಲಿ ದುಡಿದು ನೆಲೆಯೂರಿದ ಗುಜರಾತಿ ಮುಸ್ಲಿಮರು ಬಹಳ. ಅವರ ಅಂಗಡಿಗಳಲ್ಲಿ ರಮಝಾನ್ ಬಂತೆಂದರೆ ಖರ್ಜೂರದ ಡಬ್ಬಿಗಳು ಸೂರು ಮುಟ್ಟುತ್ತವೆ. (ಯಾವ ದೇಶದ್ದೆಂದು ಡಬ್ಬಿ ತಿರುಗಿಸಿ ನೋಡಿ ಕೊಳ್ಳುವ ಅಭ್ಯಾಸ ಇಲ್ಲಿಯ ಮುಸ್ಲಿಮರಲ್ಲಿ ಅನೇಕರಿಗಿದೆ. ಫೆಲೆಸ್ತೀನಿಯರ ನೆಲದಲ್ಲಿ ಬೆಳೆದದ್ದನ್ನು ಇಸ್ರೇಲಿನ ಹೆಸರಲ್ಲಿ ಕೊಳ್ಳಲು ಮನಸ್ಸಿಲ್ಲದೆ. ನನಗೂ ಇದೆ.) ಕಡಿಮೆ ಬೆಲೆಯ, ಮೆತ್ತಗಿನ ಯಾವ ಖರ್ಜೂರವಾದರೂ ಸಾಕು. ಒಣ ಉತ್ತುತ್ತೆ ಮಾತ್ರ ಆಗದು.

ಬೀಜ ತೆಗೆದ ಖರ್ಜೂರವನ್ನು ಸಣ್ಣಗೆ ಹೆಚ್ಚಿ, ಕಾಲು ಲೀಟರ್ ಕುದಿಯುವ ನೀರು ಸುರಿದು, ಒಂದು ಚಹಾ ಚಮಚ ಅಡುಗೆ ಸೋಡ ಹಾಕಿ. ನೊರೆ ಏಳುತ್ತದೆ, ಬಣ್ಣ ಕಪ್ಪಾಗುತ್ತದೆ, ಭಯಪಡಬೇಡಿ. ಸೋಡದ ಕ್ಷಾರಕ್ಕೆ ಖರ್ಜೂರದ ಸಿಪ್ಪೆ ಕರಗಿ ಮೆತ್ತಗಾಗುತ್ತದೆ. ಅದಿಲ್ಲದಿದ್ದರೆ ಸಿಪ್ಪೆ ಹಲ್ಲಿಗೆ, ಹಲ್ಲಿಲ್ಲದವರಿಗೆ ಒಸಡಿಗೆ, ಅಂಟಿಕೊಳ್ಳುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ಫೋರ್ಕಿನಿಂದ ಕಿವುಚಿ. ಇತ್ತ ಎಂಬತ್ತು ಗ್ರಾಂ ಬೆಣ್ಣೆಗೆ ನೂರೈವತ್ತು ಗ್ರಾಂ ಕಂದು ಸಕ್ಕರೆ ಹಾಕಿ ಚೆನ್ನಾಗಿ ನಾದಿ, ಎರಡು ಮೊಟ್ಟೆಯನ್ನು ಒಂದೊಂದಾಗಿ ಸೇರಿಸಿ. ನೂರೆಪ್ಪತ್ತೈದು ಗ್ರಾಂ ಮೈದಾ, ಒಂದೂವರೆ ಚಹಾ ಚಮಚ ಬೇಕಿಂಗ್ ಪೌಡರ್ ಜರಡಿ ಹಿಡಿದು ಬೆರೆಸಿ, ಕೊನೆಗೆ ಖರ್ಜೂರವನ್ನು ಅದರ ನೀರಿನ ಸಮೇತ ಸುರಿಯಿರಿ. ಹಿಟ್ಟು ತೆಳುವಾಯಿತೆಂದು ಮತ್ತೆ ಮೈದಾ ಹಾಕಬಾರದು. ಅದು ಹಾಗೆಯೇ ಇರಬೇಕು. ಚೀಟಿಯಲ್ಲಿ ವೆನಿಲಾ ಎಸೆನ್ಸ್ ಇತ್ತು. ಅದರಲ್ಲಿರುವ ಆಲ್ಕೊಹಾಲಿನ ಬಗ್ಗೆ ವಿದ್ವಾಂಸರಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ನಾನು ಅದರ ಬದಲು ಎರಡು ಏಲಕ್ಕಿ ಪುಡಿ ಮಾಡಿ ಹಾಕಿದೆ. ಇಂಗ್ಲಿಷರಿಗೆ ಇದು ಅಪಚಾರವೆನಿಸಬಹುದು.

ಬೆಣ್ಣೆ ಸವರಿದ ಪಾತ್ರೆಯಲ್ಲಿ 180 ಡಿಗ್ರಿಗೆ ಸುಮಾರು ಮೂವತ್ತೈದು ನಿಮಿಷ. ಅಷ್ಟರಲ್ಲಿ ನೂರು ಗ್ರಾಂ ಬೆಣ್ಣೆ, ನೂರೈವತ್ತು ಗ್ರಾಂ ಕಂದು ಸಕ್ಕರೆ, ಇನ್ನೂರು ಮಿಲಿ ಕ್ರೀಮ್, ಚಿಟಿಕೆ ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿ ಕುದಿಸಿ. ಚಮಚದ ಬೆನ್ನಿಗೆ ಹತ್ತಿಕೊಳ್ಳುವಷ್ಟು ದಪ್ಪವಾದರೆ ಸಾಕು. ಇಲ್ಲಿಯವರು ಇದಕ್ಕೆ ಟ್ರೀಕಲ್ ಎಂಬ ಕಪ್ಪು ಕಾಕಂಬಿಯನ್ನೂ ಒಂದು ಚಮಚ ಹಾಕುತ್ತಾರೆ. ಬೆಂದ ಕೇಕಿಗೆ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ, ಅರ್ಧ ಪಾಕ ಸುರಿದು ಮತ್ತೆ ಐದು ನಿಮಿಷ ಓವನ್‌ನಲ್ಲಿಡಬೇಕು. ಪಾಕ ಒಳಗಿಳಿದು ಮೇಲ್ಭಾಗ ಅಂಟಂಟಾಗುವುದು ಆಗಲೇ. ಉಳಿದ ಪಾಕ ಬಡಿಸುವಾಗ. ಸಕ್ಕರೆ ಕಾಯಿಲೆ ಇರುವವರು ದಯವಿಟ್ಟು ಪರಿಮಳದಲ್ಲೇ ತೃಪ್ತಿಪಟ್ಟುಕೊಳ್ಳಿ. ಖರ್ಜೂರ ಇದೆಯಲ್ಲ, ಒಳ್ಳೆಯದೇ ಎಂಬ ನೆಪ ಇಲ್ಲಿ ನಡೆಯುವುದಿಲ್ಲ.

ಆ ಪರಿಮಳಕ್ಕೆ ಉಮ್ಮ ಎರಡು ಸಲ ಅಡುಗೆಮನೆಗೆ ಬಂದು ಓವನ್‌ನ ಗಾಜಿನೊಳಗೆ ಇಣುಕಿದರು. "ಮೇಲಿಂದಲೂ ಕಾವು ಉಂಟಾ ಇದಕ್ಕೆ?" ಎಂದು ಕೇಳಿದರು. ಹಿಂದೆ ಕಲ್ತಪ್ಪಕ್ಕೆ ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸಿದವರು ಅವರು. ಹೊರಗೆ ಮಳೆ ಸುರಿಯುತ್ತಿತ್ತು, ಪ್ರೆಸ್ಟನ್ನಿನ ಮಾರ್ಚ್ ತಿಂಗಳಿಗೆ ಅದು ಹೊಸತೇನಲ್ಲ. ಸಂಜೆ ಆರು ಗಂಟೆಯ ಹೊತ್ತಿಗೆ ಮಗ್ರಿಬ್. ನಾವು ಖರ್ಜೂರ, ನೀರು ತೆಗೆದುಕೊಂಡು ನಮಾಝ್ ಮುಗಿಸಿ ಬಂದೆವು. ಪುಡ್ಡಿಂಗಿನ ಪಾತ್ರೆಯನ್ನು ಮೇಜಿನ ಮೇಲೆ ತಂದಿಟ್ಟೆ, ಆದರೆ ಬಡಿಸಲಿಲ್ಲ.

"ಅಜ್ಜಿಯೇ ಬಡಿಸಲಿ" ಎಂದಳು ಮಗಳು. ನಾನು ಹೇಳಿಕೊಟ್ಟದ್ದಲ್ಲ.

ಉಮ್ಮ ಬಂದು ಕುಳಿತರು. ಮೊದಲ ಬಟ್ಟಲು ಮಗಳಿಗೆ, ಆಮೇಲೆ ನನ್ನ ಗಂಡನಿಗೆ, ಆಮೇಲೆ ನನಗೆ. ನನ್ನ ಮಗ ಖರ್ಜೂರವೆಂದರೆ ಮುಖ ತಿರುಗಿಸುವವನು. ಎರಡು ಬಟ್ಟಲು ತಿಂದ. ಒಳಗೇನಿದೆಯೆಂದು ಯಾರೂ ಹೇಳಲಿಲ್ಲ. ಕೊನೆಗೆ ತಮಗೊಂದು ಚಿಕ್ಕ ತುಂಡು ಹಾಕಿಕೊಂಡು, ಬಿಸ್ಮಿಲ್ಲಾಹ್ ಹೇಳಿ, ಹಲ್ಲಿಲ್ಲದ ಬಾಯಿಯಲ್ಲಿ ನಿಧಾನವಾಗಿ ತಿಂದರು.

ಅಂದಿನಿಂದ ದಿನವೂ ಬಂದರೆಂದೇನೂ ಹೇಳಲಾರೆ. ಕೆಲವು ಸಂಜೆ ಬಂದರು, ಕೆಲವು ಸಂಜೆ ಮೇಲೆಯೇ ಉಳಿದರು. ತಂದೆಯ ನೆನಪು ಹೆಚ್ಚಾದ ದಿನ ಯಾವ ಪುಡ್ಡಿಂಗಿಗೂ ಅವರನ್ನು ಇಳಿಸಲು ಆಗುತ್ತಿರಲಿಲ್ಲ. ಆದರೆ ಚಹಾದ ಲೋಟ ಹಿಡಿದು ಮೆಟ್ಟಿಲು ಹತ್ತುವುದು ನಿಂತಿತು. ಅಡುಗೆಮನೆಯ ಕಿಟಕಿಯ ಬಳಿ ಕುಳಿತು ಹಗಲಿನಲ್ಲೇ ಕುಡಿದರು. ಖರ್ಜೂರ ಬಿಡಿಸುವ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಶನಿವಾರಕ್ಕೊಮ್ಮೆ ಪುಡ್ಡಿಂಗ್ ಮಾಡಿದೆವು. ಒಂದು ಪಾಲು ಮಸೀದಿಯ ಇಫ್ತಾರ್‌ಗೆ, ಒಂದು ಪಾಲು ಪಕ್ಕದ ಮನೆಗೆ. ಇದು ಫಿದ್ಯಾ ಅಲ್ಲವೆಂದು ಉಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು. "ಅದು ಅದು, ಇದು ಇದು" ಎನ್ನುತ್ತಿದ್ದರು. ಪಕ್ಕದ ಮನೆಗೆ ತಾವೇ ಕೊಂಡೊಯ್ಯುತ್ತಿದ್ದರು. ಅಲ್ಲಿ ಅರ್ಧ ಗಂಟೆ ಕುಳಿತು ಬರುತ್ತಿದ್ದರು. ಇವರಿಗೆ ಇಂಗ್ಲಿಷ್ ಬಾರದು, ಅವರಿಗೆ ಬ್ಯಾರಿ ಭಾಷೆ ಬಾರದು. ಏನು ಮಾತಾಡಿದಿರಿ ಎಂದು ಕೇಳಿದರೆ, "ಆಕೆ ಗಂಡನ ಫೋಟೋ ತೋರಿಸಿದಳು, ನಾನು ಉಪ್ಪನ ಫೋಟೋ ತೋರಿಸಿದೆ" ಎಂದರು. ಏಲಕ್ಕಿಯ ಬಗ್ಗೆ ಆ ಅಜ್ಜಿಯ ಅಭಿಪ್ರಾಯ ಮಾತ್ರ ನನಗೆ ಬೇಲಿಯ ಬಳಿ ಸಿಕ್ಕಿತು. ಒಳ್ಳೆಯದಿದೆ, ಆದರೆ ಇದು ಸ್ಟಿಕ್ಕಿ ಟಾಫಿ ಪುಡ್ಡಿಂಗ್ ಅಲ್ಲ.

ಜೂನ್ ಕೊನೆಗೆ ಉಮ್ಮ ಊರಿಗೆ ಹಿಂತಿರುಗಿದಾಗ ನಲ್ವತ್ತೊಂಬತ್ತು ಕಿಲೋ ಇದ್ದರು. ಐವತ್ತೆರಡಕ್ಕೆ ಇನ್ನೂ ಮೂರು ಬಾಕಿ. ಅಲ್ ಹಮ್ದುಲಿಲ್ಲಾಹ್, ಅಷ್ಟಾದರೂ ಆಯಿತು.

ಜುಲೈಯಲ್ಲಿ ಫೋನ್ ಬಂತು. ಹಿಂದಿನಿಂದ ಮಳೆಯ ಸದ್ದು. ಅತ್ತಿಗೆಯ ಕೈಯಲ್ಲಿ ಪುಡ್ಡಿಂಗ್ ಮಾಡಿಸುತ್ತಿದ್ದಾರೆ. ಮನೆಯಲ್ಲಿ ಓವನ್ ಇಲ್ಲ. ಹಳೆಯ ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ರಬ್ಬರೂ ವೆಯ್ಟೂ ತೆಗೆದು, ಒಳಗೆ ಪಾತ್ರೆ ಇಟ್ಟಿದ್ದಾರೆ. ಕಂದು ಸಕ್ಕರೆಗೆ ಬೆಲ್ಲ, ಟ್ರೀಕಲ್‌ಗೆ ಶಿರಸಿಯಿಂದ ಯಾರೋ ತಂದ ಜೋನಿ ಬೆಲ್ಲ. ಅತ್ತಿಗೆಗೆ ಒಂದೇ ಚಿಂತೆ. ಬೆಲ್ಲಕ್ಕೆ ಕ್ರೀಮ್ ಹಾಕಿದರೆ ಒಡೆಯುವುದಿಲ್ಲವೇ? ಬೆಲ್ಲವನ್ನು ಬೆಣ್ಣೆಯಲ್ಲಿ ಕರಗಿಸಿ, ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಕ್ರೀಮ್ ಬೆರೆಸಿ, ಮತ್ತೆ ಕುದಿಸಬೇಡಿ ಎಂದೆ. ಅಷ್ಟರಲ್ಲಿ ಉಮ್ಮ ಫೋನ್ ತೆಗೆದುಕೊಂಡರು.

"ಖರ್ಜೂರ ನಾನೇ ಬಿಡಿಸಿದ್ದು. ಎರಡರಲ್ಲಿ ಹುಳ ಇತ್ತು" ಎಂದರು.